ತಂಗಿ ಸೆಂಡೈನಲ್ಲಿದ್ದಾಗ

2011ರ ಮಾರ್ಚ್ 11, ಶುಕ್ರವಾರ. ಸುನಾಮಿ ಎಬ್ಬಿಸಿದ ಆ ಭೂಕಂಪ ಆದಾಗ ಜಪಾನಿನಲ್ಲಿ ಮಧ್ಯಾಹ್ನ 2 ಗಂಟೆ 46 ನಿಮಿಷ, ನಮ್ಮಲ್ಲಿ ಬೆಳಿಗ್ಗೆ 11 ಗಂಟೆ 16 ನಿಮಿಷ. ಆ ಹೊತ್ತಿಗೆ ನಾನು ಸೊಪ್ಪಿನ ಬೆಟ್ಟದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಒಟ್ಟಿಸುತ್ತಿದ್ದೆ. ನಮ್ಮದು ಸಾಗರ ತಾಲೂಕಿನ ಒಳಗಿನ ಹಳ್ಳಿ. ಅಡಿಕೆ ಕೊಯ್ಲು ಮುಗಿದು, ತೋಟಕ್ಕೆ ನೀರು ಹಾಯಿಸುವ ಕಾಲ. ಮೊಬೈಲ್ ಸಿಗ್ನಲ್ ಸಿಗುತ್ತಿದ್ದದ್ದು ಬೆಟ್ಟದ ನೆತ್ತಿಯಲ್ಲಿ ಮಾತ್ರ. ಹಾಗಾಗಿ ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನ ಫೋನು ಮೊದಲು ನನಗೇ ಬಂತು.

"ಟಿವಿ ನೋಡಿದ್ಯಾ? ತಂಗಿ ಎಲ್ಲಿದಾಳೆ?"

ತಂಗಿ ಸೆಂಡೈನಲ್ಲಿದ್ದಳು. ತೊಹೊಕು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಅಲ್ಲಿಯವರೆಗೆ ನಮ್ಮ ಊರಿನವರಿಗೆ ಜಪಾನ್ ಅಂದರೆ ಟೋಕಿಯೋ ಅಷ್ಟೇ. ಸಂಜೆಯೊಳಗೆ ಎಲ್ಲರ ಬಾಯಲ್ಲೂ ಸೆಂಡೈ.

ಮನೆಗೆ ಬಂದಾಗ ಅಪ್ಪ ವಿಶ್ವಕಪ್ ನೋಡುತ್ತಾ ಕೂತಿದ್ದರು. ಮೊಹಾಲಿಯಲ್ಲಿ ವೆಸ್ಟ್ ಇಂಡೀಸ್, ಐರ್ಲೆಂಡ್ ಆಟ. ಚಾನೆಲ್ ಬದಲಿಸಿದೆವು. ಹೆಲಿಕಾಪ್ಟರ್‌ನಿಂದ ತೆಗೆದ ಆ ದೃಶ್ಯವನ್ನು ನೀವೂ ನೋಡಿರುತ್ತೀರಿ. ನಾತೊರಿ ಹೊಳೆಯ ಪಕ್ಕದ ಗದ್ದೆ ಬಯಲಿನ ಮೇಲೆ ಕಪ್ಪು ನೀರು ಬರುತ್ತಿದೆ. ಮನೆ, ಕಾರು, ದೋಣಿ ಎಲ್ಲ ಅದರಲ್ಲೇ. ನೀರಿನ ಮೇಲೆ ತೇಲುತ್ತಿರುವ ಮನೆಗೇ ಬೆಂಕಿ ಹತ್ತಿದೆ. ಪ್ಲಾಸ್ಟಿಕ್ ಹೊದೆಸಿದ ತರಕಾರಿ ಮನೆಗಳು ಒಂದೊಂದಾಗಿ ಅಡಿಗೆ ಹೋಗುತ್ತಿವೆ. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಗದ್ದೆಯಲ್ಲಿ ಪೈರು ಇಲ್ಲ. ಜನ ಕೆಲಸಕ್ಕೆ ಇಳಿದಿರಲಿಕ್ಕಿಲ್ಲ" ಅಂದರು.

ದೊಡ್ಡಮ್ಮ ಬಾಗಿಲ ಬಳಿ ನಿಂತೇ ನೋಡಿದರು. ಅವರ ತವರು ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಮನೆ, ಗದ್ದೆ, ತೋಟ ಎಲ್ಲ ಬಿಟ್ಟು ಬಂದವರು. "ನಮಗೆ ನೋಟೀಸ್ ಕೊಟ್ಟು ಮುಳುಗಿಸಿದರು. ಇವರಿಗೆ ಅದೂ ಇಲ್ಲ" ಅಂದು ಒಳಗೆ ಹೋದರು.

ಮುಂದಿನ ಎರಡು ದಿನ ನಮ್ಮ ಮನೆಯಲ್ಲಿ ನಡೆದದ್ದು ಒಂದೇ ಕೆಲಸ, ಫೋನ್ ಮಾಡುವುದು. ಲ್ಯಾಂಡ್‌ಲೈನ್‌ನಿಂದ ಮಾಡಿದರೆ ಎಂಗೇಜ್ ಶಬ್ದ. ಬೆಟ್ಟ ಹತ್ತಿ ಮೊಬೈಲ್‌ನಿಂದ ಮಾಡಿದರೆ ಏನೂ ಇಲ್ಲ, ಬರೀ ನಿಶ್ಶಬ್ದ. ಇದಕ್ಕೆ ಕಾರಣ ಆಮೇಲೆ ಗೊತ್ತಾಯಿತು. ಲಕ್ಷಾಂತರ ಜನ ಒಟ್ಟಿಗೆ ಫೋನ್ ಮಾಡಿದರೆ ಜಾಲ ಪೂರಾ ಕುಸಿಯುತ್ತದೆ. ಅದಕ್ಕೇ ಅಲ್ಲಿನ ಕಂಪನಿಗಳು ಮಾತಿನ ಕರೆಗಳಲ್ಲಿ ಬಹುಪಾಲನ್ನು ಬೇಕೆಂದೇ ತಡೆದಿದ್ದವು. ಇಮೇಲ್‌ಗೆ ಅಷ್ಟು ತಡೆ ಇರಲಿಲ್ಲ. ನಾವು ಹತ್ತದ ಫೋನಿಗೆ ಮತ್ತೆ ಮತ್ತೆ ಒತ್ತುತ್ತಿದ್ದೆವು. ಸಣ್ಣದೊಂದು ಮೇಲ್ ಹೋಗುವ ದಾರಿ ಮಾತ್ರ ತೆರೆದೇ ಇತ್ತು.

ನಡುವೆ ಬೇರೆ ಫೋನ್‌ಗಳು. ಕುಮಟಾದ ನೆಂಟರು, "ನಮ್ಮ ಕಡಲಿಗೂ ಬರುತ್ತಾ?" ಅಂತ ಕೇಳಿದರು. ಅವರ ಭಯಕ್ಕೆ ಅರ್ಥ ಇತ್ತು. 2004ರ ಡಿಸೆಂಬರ್ 26ರಂದು ಸುಮಾತ್ರಾದ ಹತ್ತಿರ ಎದ್ದ ಅಲೆ ನಾಗಪಟ್ಟಣವನ್ನು ಬಡಿದದ್ದಲ್ಲದೆ, ಸುತ್ತಿಕೊಂಡು ಬಂದು ಕೇರಳದ ಕೊಲ್ಲಂನಲ್ಲೂ ಜನರನ್ನು ಕೊಂದಿತ್ತು. ಆಗ ನಮ್ಮಲ್ಲಿ ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆಯೇ ಇರಲಿಲ್ಲ. 2007ರಿಂದ ಹೈದರಾಬಾದಿನಲ್ಲಿ ಕೇಂದ್ರ ಇದೆ. ಭಾರತಕ್ಕೆ ಅಪಾಯ ಇಲ್ಲ ಅಂತ ಅವರು ಅವತ್ತೇ ಹೇಳಿದ್ದರು. ನಾನು ಅದನ್ನೇ ಕುಮಟಾಕ್ಕೆ ಒಪ್ಪಿಸಿದೆ.

ಟಿವಿ ನಮ್ಮನ್ನು ಸಾಯಿಸಿತು. ಮೊದಲು ತೀವ್ರತೆ 8.9 ಅಂದರು, ಆಮೇಲೆ 9.0. ಸೆಂಡೈ ಪೂರ್ತಿ ಹೋಯಿತು ಅಂತ ಒಂದು ಚಾನೆಲ್. ಸೆಂಡೈನ ಕಡಲ ದಡದಲ್ಲಿ ಇನ್ನೂರು ಮುನ್ನೂರು ಹೆಣ ಅಂತ ರಾತ್ರಿಯ ಸುದ್ದಿ. ಸೆಂಡೈ ಹತ್ತು ಲಕ್ಷ ಜನ ಇರುವ ಊರು, ಪಶ್ಚಿಮದ ಅರ್ಧ ಗುಡ್ಡ, ತಂಗಿಯ ಕ್ಯಾಂಪಸ್ ಗುಡ್ಡದ ಮೇಲೆ. ಇದನ್ನು ಯಾರೂ ಹೇಳಲಿಲ್ಲ. ಕೊನೆಗೆ ನಾನೇ ಹಳೆಯ ಅಟ್ಲಾಸ್ ತೆಗೆದು, ಅವಳು ಕಳಿಸಿದ್ದ ಫೋಟೋಗಳನ್ನು ಪಕ್ಕ ಇಟ್ಟುಕೊಂಡು ಅಮ್ಮನಿಗೆ ತೋರಿಸಿದೆ. ಅಮ್ಮ ನಂಬಿದ ಹಾಗೆ ಮಾಡಿದರು.

ದಾರಿ ಸಿಕ್ಕಿದ್ದು ಬೆಂಗಳೂರಿನಿಂದ. ಗೂಗಲ್‌ನವರ ಪರ್ಸನ್ ಫೈಂಡರ್ ಅನ್ನುವ ಪುಟ ಭೂಕಂಪ ಆಗಿ ಕೆಲವೇ ಗಂಟೆಯಲ್ಲಿ ಜಪಾನಿಗೆ ಶುರುವಾಗಿತ್ತು. ಹಿಂದಿನ ವರ್ಷ ಹೈಟಿ ಭೂಕಂಪಕ್ಕೆಂದು ಮಾಡಿದ್ದ ಪುಟ ಅದು. ಹುಡುಕುವವರೂ ಅಲ್ಲಿ ಹೆಸರು ಹಾಕಬಹುದು, "ಇವರನ್ನು ನೋಡಿದೆ, ಬದುಕಿದ್ದಾರೆ" ಅನ್ನುವವರೂ ಬರೆಯಬಹುದು. ಇನ್ನೊಂದು ಕೆಲಸವೂ ನಡೀತಾ ಇತ್ತು. ಆಶ್ರಯ ಶಿಬಿರಗಳ ಗೋಡೆಗೆ ಅಂಟಿಸಿದ್ದ ಕೈಬರಹದ ಪಟ್ಟಿಗಳನ್ನು ಜನ ಮೊಬೈಲ್‌ನಲ್ಲಿ ಫೋಟೋ ತೆಗೆದು ಹಾಕುತ್ತಿದ್ದರು. ಎಲ್ಲೋ ಕೂತ ಸ್ವಯಂಸೇವಕರು ಆ ಫೋಟೋ ನೋಡಿ ಒಂದೊಂದೇ ಹೆಸರು ಟೈಪ್ ಮಾಡುತ್ತಿದ್ದರು. ತಂಗಿಯ ಹೆಸರು ಜಪಾನಿ ಅಕ್ಷರಕ್ಕೆ ಹೋಗಿ ಇಂಗ್ಲಿಷಿಗೆ ಮರಳುವಷ್ಟರಲ್ಲಿ ಸೊಟ್ಟಗಾಗಿತ್ತು. ಚಿಕ್ಕಪ್ಪನ ಮಗ ಅದನ್ನು ಬೇರೆ ಬೇರೆ ಕಾಗುಣಿತದಲ್ಲಿ ಹುಡುಕುತ್ತಾ ಹೋದ. ಭಾನುವಾರ ಬೆಳಿಗ್ಗೆ ಸಿಕ್ಕಿತು. ಒಂದು ಶಾಲೆಯ ಶಿಬಿರದ ಪಟ್ಟಿ, ಪಕ್ಕದಲ್ಲಿ ಭಾರತ ಅಂತ ಬರೆದಿತ್ತು.

ಆ ಪಟ್ಟಿ ಬರೆದವರು ಯಾರೋ, ಫೋಟೋ ತೆಗೆದವರು ಯಾರೋ, ಟೈಪ್ ಮಾಡಿದವರು ಯಾರೋ. ಮೂವರಿಗೂ ನಾವು ಇದ್ದೇವೆ ಅಂತಲೇ ಗೊತ್ತಿಲ್ಲ. ಅಪ್ಪ ಹೋಗಿ ದೇವರಿಗೆ ದೀಪ ಹಚ್ಚಿದರು. ಅಮ್ಮ ಎರಡು ದಿನದ ಮೇಲೆ ಸರಿಯಾಗಿ ಉಂಡರು.

ಅವಳ ದನಿ ಕೇಳಿದ್ದು ಇನ್ನೂ ಒಂದೆರಡು ದಿನ ಬಿಟ್ಟು, ಯಾರದೋ ಫೋನಿನಿಂದ. ಸಂಜೆ ಹಿಮ ಬಿದ್ದಿತ್ತು, ಚಳಿ, ನೀರಿಗೆ ಸಾಲು, ಅನ್ನದ ಉಂಡೆ ಕೊಡುತ್ತಾರೆ, ನಾನು ಆರಾಮ. ಅಷ್ಟೇ ಮಾತು. ಸೆಂಡೈ ವಿಮಾನ ನಿಲ್ದಾಣಕ್ಕೆ ನೀರು ನುಗ್ಗಿತ್ತು, ಟೋಕಿಯೋ ಕಡೆಯ ರೈಲು ನಿಂತಿತ್ತು. ಹಾಗಾಗಿ ಅವಳು ಉಲ್ಟಾ ದಾರಿ ಹಿಡಿದಳು. ಬಸ್ಸಿನಲ್ಲಿ ಪಶ್ಚಿಮಕ್ಕೆ ಹೋಗಿ ಯಮಗಾಟ, ಅಲ್ಲಿಂದ ಆ ಬದಿಯ ಕಡಲ ಊರು ನೀಗಾಟ, ನೀಗಾಟದಿಂದ ಶಿಂಕನ್ಸೆನ್ ಅನ್ನುವ ಬುಲೆಟ್ ರೈಲಿನಲ್ಲಿ ಟೋಕಿಯೋ. ಆಮೇಲೆ ವಿಮಾನ, ಬೆಂಗಳೂರು, ರಾತ್ರಿ ಬಸ್ಸು. ಸಾಗರದ ಬಸ್ ನಿಲ್ದಾಣದಲ್ಲಿ ಇಳಿದಾಗ ಅವಳ ಹತ್ತಿರ ಇದ್ದದ್ದು ಬೆನ್ನಿಗೆ ಹಾಕುವ ಒಂದು ಚೀಲ.

ಬಂದವಳು ಮಲಗುವಾಗ ಚಪ್ಪಲಿ, ಟಾರ್ಚು, ನೀರಿನ ಬಾಟಲಿ ತಲೆಯ ಹತ್ತಿರ ಇಟ್ಟುಕೊಳ್ಳುತ್ತಿದ್ದಳು. ನಮ್ಮದು ಹೆಂಚಿನ ಮನೆ. ಮಂಗಗಳು ಮಾಡಿನ ಮೇಲೆ ಹಾರುವುದು ದಿನಾ ಇದ್ದದ್ದೇ. ಮಂಗ ಹಾರಿದಾಗಲೆಲ್ಲ ಎದ್ದು ಅಂಗಳಕ್ಕೆ ಓಡುತ್ತಿದ್ದಳು. ಅಟ್ಟದ ಮರ ಕಿರ್ ಅಂದರೂ ಅಷ್ಟೇ. ಭೂಮಿ ನಿಂತಿದ್ದರೂ ತನಗೆ ಅಲ್ಲಾಡಿದ ಹಾಗೇ ಅನಿಸುತ್ತದೆ, ಸೆಂಡೈನಲ್ಲಿ ಎಲ್ಲರಿಗೂ ಹಾಗೇ, ಖಾತ್ರಿ ಮಾಡಿಕೊಳ್ಳಲು ತೂಗುವ ದೀಪ ನೋಡುತ್ತೇವೆ ಅಂದಳು. ಅಮ್ಮ ಮರುದಿನವೇ ಜಗುಲಿಯಲ್ಲಿ ದಾರಕ್ಕೆ ಒಂದು ಗಂಟೆ ಕಟ್ಟಿ ನೇತು ಹಾಕಿದರು. ಅದನ್ನು ನೋಡಿ ತಂಗಿ ಬಂದ ಮೇಲೆ ಮೊದಲ ಸಲ ನಕ್ಕಳು.

ಆ ದಿನದ ಕತೆ ಚೂರು ಚೂರಾಗಿ ಹೊರಗೆ ಬಂತು, ಹೆಚ್ಚಾಗಿ ಚಾಲಿ ಅಡಿಕೆ ಆರಿಸಲು ಕೂತಾಗ. ಕೈಗೆ ಕೆಲಸ ಇದ್ದರೆ ಮಾತು ಸಲೀಸು, ಅಲ್ವಾ? ಅಲ್ಲಾಟ ನಿಮಿಷಗಟ್ಟಲೆ ನಿಲ್ಲಲಿಲ್ಲ. ಪುಸ್ತಕದ ಕಪಾಟುಗಳು ಬಿದ್ದವು, ಲ್ಯಾಬಿನ ಸಿಲಿಂಡರ್‌ಗಳು ಸರಪಳಿ ಎಳೆದುಕೊಂಡು ಕುಣಿದವು. ಹೊರಗೆ ಬಂದು ತಲೆ ಎಣಿಸಿದರು. ಯಾರೂ ಕೂಗಾಡಲಿಲ್ಲ. ಯಾಕೆ ಆಯಿತು ಅಂತ ಅಪ್ಪ ಕೇಳಿದರು. ಅವಳು ಅಂಗಳದಲ್ಲಿ ಬಿದ್ದಿದ್ದ ಒಂದು ಅಡಿಕೆ ದಬ್ಬೆ, ಅಂದರೆ ಮರದ ಸೀಳು, ತಂದಳು. ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಇನ್ನೊಂದನ್ನು ಮೆಲ್ಲಗೆ ಬಗ್ಗಿಸಿದಳು. ಪೆಸಿಫಿಕ್ ಕಡಲ ತಳ ವರ್ಷಕ್ಕೆ ಎಂಟೊಂಬತ್ತು ಸೆಂಟಿಮೀಟರ್ ಜಪಾನಿನ ಅಡಿಗೆ ನುಗ್ಗುತ್ತದೆ. ನುಗ್ಗುವಾಗ ಮೇಲಿನ ನೆಲದ ಅಂಚನ್ನೂ ಕಚ್ಚಿಕೊಂಡು ಎಳೆಯುತ್ತದೆ. ನೂರಾರು ವರ್ಷ ಬಗ್ಗಿದ ಅಂಚು ಒಂದು ದಿನ ಬಿಟ್ಟುಕೊಳ್ಳುತ್ತದೆ. ಅಂದವಳೇ ಕೈ ಬಿಟ್ಟಳು, ದಬ್ಬೆ ಛಟ್ಟನೆ ಹಾರಿತು. ಅಂಚಿನ ಜೊತೆ ಮೇಲಿದ್ದ ಕಡಲೂ ಎದ್ದಿತು. ಜಪಾನಿನ ದೊಡ್ಡ ದ್ವೀಪ ಹೊನ್ಶು ಪೂರ್ವಕ್ಕೆ 2.4 ಮೀಟರ್ ಸರಿಯಿತು. ಭೂಕಂಪದ ಕೇಂದ್ರಕ್ಕೆ ಹತ್ತಿರದ ಒಶಿಕಾ ಮೂಲೆ 5 ಮೀಟರ್‌ಗಿಂತ ಜಾಸ್ತಿ ಸರಿದು, ಒಂದು ಮೀಟರ್‌ಗೂ ಹೆಚ್ಚು ತಗ್ಗಿತು.

ಎಚ್ಚರಿಕೆ ಬಂದಿರಲಿಲ್ಲವಾ ಅಂತ ನಾನು ಕೇಳಿದೆ. ಬಂದಿತ್ತು, ಮೂರೇ ನಿಮಿಷದಲ್ಲಿ. ಆದರೆ ಮೊದಲು ಹೇಳಿದ ಎತ್ತರ ಕಡಿಮೆ. ಸೆಂಡೈ ಇರುವ ಮಿಯಾಗಿಗೆ 6 ಮೀಟರ್, ಅದರ ಅಕ್ಕಪಕ್ಕಕ್ಕೆ 3 ಮೀಟರ್. ನಮ್ಮಲ್ಲಿ ತಡೆಗೋಡೆ ಇದೆ, 3 ಮೀಟರ್ ಏನು ಮಹಾ ಅಂದುಕೊಂಡವರು ಎಷ್ಟೋ ಜನ. ಅರ್ಧ ಗಂಟೆಯಲ್ಲಿ ಅಂಕಿ ತಿದ್ದಿ ಮಿಯಾಗಿಗೆ 10 ಮೀಟರ್, ಅಕ್ಕಪಕ್ಕಕ್ಕೆ 6 ಮೀಟರ್ ಅಂದರು. ಅಷ್ಟರಲ್ಲಿ ಕರೆಂಟ್ ಹೋಗಿತ್ತು, ತಿದ್ದಿದ ಅಂಕಿ ಎಲ್ಲರಿಗೂ ಮುಟ್ಟಲಿಲ್ಲ. ಸತ್ತವರು 15 ಸಾವಿರಕ್ಕೂ ಜಾಸ್ತಿ. ಎರಡೂವರೆ ಸಾವಿರ ಜನ ಇಂದಿಗೂ ಸಿಕ್ಕಿಲ್ಲ.

ಕಮೈಶಿ ಊರಿನ ಶಾಲೆ ಮಕ್ಕಳ ಸುದ್ದಿಯನ್ನೂ ಅವಳೇ ಹೇಳಿದ್ದು. ಅಲ್ಲಿ ಮಕ್ಕಳಿಗೆ ಕಲಿಸಿದ್ದ ಪಾಠ ಇಷ್ಟೇ: ಯಾರಿಗೂ ಕಾಯಬೇಡ, ಅಪ್ಪ ಅಮ್ಮನನ್ನು ಹುಡುಕಬೇಡ, ನೀನು ಎತ್ತರಕ್ಕೆ ಓಡು. ಹೈಸ್ಕೂಲಿನ ಮಕ್ಕಳು ಓಡಿದರು, ಅವರನ್ನು ನೋಡಿ ಪ್ರೈಮರಿ ಮಕ್ಕಳೂ ಓಡಿದರು. ದೊಡ್ಡವರು ಸಣ್ಣವರ ಕೈ ಹಿಡಿದುಕೊಂಡರು. ಅವತ್ತು ಊರಿನ ಶಾಲೆಗಳಲ್ಲಿದ್ದ ಸುಮಾರು 3,000 ಮಕ್ಕಳು ಉಳಿದರು. ಅಮ್ಮನಿಗೆ ಇದು ಒಂಚೂರೂ ಹಿಡಿಸಲಿಲ್ಲ. "ಹೆತ್ತವರನ್ನು ಬಿಟ್ಟು ಓಡು ಅಂತ ಕಲಿಸ್ತಾರಾ?" ಅಂದರು. "ಮಗು ಓಡಿರುತ್ತದೆ ಅನ್ನುವ ನಂಬಿಕೆ ಇದ್ದರೆ ಅಮ್ಮ ಶಾಲೆಗೆ ಬರದೆ ತಾನೂ ಓಡ್ತಾಳೆ" ಅಂದಳು ತಂಗಿ. ಒಕಾವಾ ಅನ್ನುವ ಇನ್ನೊಂದು ಶಾಲೆಯಲ್ಲಿ ಮಕ್ಕಳನ್ನು ಸುಮಾರು 50 ನಿಮಿಷ ಮೈದಾನದಲ್ಲೇ ನಿಲ್ಲಿಸಿದ್ದರು. ಗುಡ್ಡ ಪಕ್ಕದಲ್ಲೇ ಇತ್ತು. 74 ಮಕ್ಕಳು ಹೋದರು. ಅಮ್ಮ ಮತ್ತೆ ವಾದ ಮಾಡಲಿಲ್ಲ.

ಊರಿನಲ್ಲಿ ಚರ್ಚೆ ಪೂರಾ ಫುಕುಶಿಮಾದ ಅಣು ವಿದ್ಯುತ್ ಸ್ಥಾವರದ್ದು. ಮಳೆಯಲ್ಲಿ ನೆನೆದರೆ ವಿಕಿರಣ ತಾಗುತ್ತೆ ಅಂತ ಎಲ್ಲರ ಮೊಬೈಲಿಗೂ ಒಂದು ಮೆಸೇಜ್ ಬಂದಿತ್ತು. ತಂಗಿ ತಂದಿದ್ದ ಕಡಲಪಾಚಿಯ ಪೊಟ್ಟಣವನ್ನು ಒಬ್ಬರು ಕೋಲಿನಿಂದ ಸರಿಸಿ ನೋಡಿದರು. ಸೆಂಡೈನಿಂದ ಆ ಸ್ಥಾವರ ಸುಮಾರು 95 ಕಿ.ಮೀ., ಹೆಚ್ಚುಕಡಿಮೆ ಶಿವಮೊಗ್ಗದಿಂದ ಜೋಗಕ್ಕೆ ಇರುವಷ್ಟು. ಶರಾವತಿ ಪವರ್ ಹೌಸಿನಲ್ಲಿ ಕೆಲಸ ಮಾಡಿ ನಿವೃತ್ತರಾದ ನೆಂಟರೊಬ್ಬರು ನಮ್ಮ ಜಗುಲಿಯಲ್ಲಿ ಕೂತು ಬಿಡಿಸಿ ಹೇಳಿದರು. "ನಮ್ಮಲ್ಲಿ ನೀರು ನಿಲ್ಲಿಸಿದರೆ ಟರ್ಬೈನ್ ನಿಂತಿತು, ಮನೆಗೆ ಹೋಗಬಹುದು. ಅಣುವಿನದ್ದು ಹಾಗಲ್ಲ. ಆಫ್ ಮಾಡಿದ ಮೇಲೂ ಒಳಗೆ ಬಿಸಿ ಹುಟ್ಟುತ್ತಲೇ ಇರುತ್ತೆ. ತಣಿಸಲು ಪಂಪು ಬೇಕು, ಪಂಪಿಗೆ ಕರೆಂಟು ಬೇಕು." ಭೂಕಂಪಕ್ಕೆ ಹೊರಗಿನ ಕರೆಂಟು ಹೋಯಿತು, ಡೀಸೆಲ್ ಜನರೇಟರ್ ಶುರುವಾಯಿತು. ಆಮೇಲೆ ಬಂದ ಅಲೆಗೆ ನೆಲಮಾಳಿಗೆಯ ಜನರೇಟರ್‌ಗಳೇ ಮುಳುಗಿದವು. 12ರಂದು ಒಂದನೇ ಘಟಕದಲ್ಲಿ, 14ರಂದು ಮೂರನೆಯದರಲ್ಲಿ ಹೈಡ್ರೋಜನ್ ಸ್ಫೋಟ. 20 ಕಿ.ಮೀ. ಒಳಗಿನ ಊರುಗಳು ಖಾಲಿ. ನಮ್ಮ ಕೈಗಾದಲ್ಲಿ ನಾಲ್ಕನೇ ಘಟಕ ಅದೇ ಜನವರಿಯಲ್ಲಿ ಶುರುವಾಗಿತ್ತು. ಚಹಾ ಅಂಗಡಿಯಲ್ಲಿ ಮಾತು ಕಡೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಕಾಳಿ ಹೊಳೆಯ ದಂಡೆಗೆ ಸುನಾಮಿ ಬರಲ್ಲ ಅಂತ ಒಬ್ಬರು, ಕರೆಂಟ್ ಹೋಗಲಿಕ್ಕೆ ಸುನಾಮಿಯೇ ಬರಬೇಕಾ ಅಂತ ಇನ್ನೊಬ್ಬರು. ಎರಡನೆಯ ಪ್ರಶ್ನೆ ನನಗೆ ಇವತ್ತಿಗೂ ಸರಿ ಅನಿಸುತ್ತದೆ.

ಟೋಕಿಯೋದಲ್ಲೂ ಸರದಿ ಮೇಲೆ ಮೂರು ಮೂರು ಗಂಟೆ ಕರೆಂಟ್ ತೆಗೀತಾರೆ ಅಂದಾಗ ನಮ್ಮವರಿಗೆ ಒಳಗೊಳಗೇ ಸಮಾಧಾನ. ಒಸಾಕಾದಿಂದ ಯಾಕೆ ತರಲಿಲ್ಲ ಅಂದರೆ, ಜಪಾನಿನ ಪೂರ್ವಕ್ಕೆ 50 ಹರ್ಟ್ಸ್, ಪಶ್ಚಿಮಕ್ಕೆ 60 ಹರ್ಟ್ಸ್. ನೂರು ವರ್ಷದ ಹಿಂದೆ ಟೋಕಿಯೋ ಜರ್ಮನಿಯ ಯಂತ್ರ ತರಿಸಿತು, ಒಸಾಕಾ ಅಮೆರಿಕದ್ದು. ನಡುವೆ ಬದಲಾಯಿಸಿ ಕಳಿಸುವ ಸಾಮರ್ಥ್ಯ ಬಹಳ ಕಮ್ಮಿ. ನಮ್ಮ ನೆಂಟರು ಇದನ್ನು ಕೇಳಿ ತಲೆ ಚಚ್ಚಿಕೊಂಡರು.

ಏಪ್ರಿಲ್ 7ರ ರಾತ್ರಿ ಮಿಯಾಗಿಯಲ್ಲಿ ಮತ್ತೆ 7.1ರ ಕಂಪನ. ತಂಗಿ ಇನ್ನೂ ಇಲ್ಲೇ ಇದ್ದಳು. ಅಷ್ಟರಲ್ಲಿ ವಾಪಸ್ ಹೋಗುವ ಮಾತು ಶುರುವಾಗಿತ್ತು. ಅಪ್ಪ ಬೇಡವೇ ಬೇಡ ಅಂದರು. ನಾನು ಯಾರ ಪರವೂ ಮಾತಾಡಲಿಲ್ಲ, ಮನೆಯಲ್ಲಿ ಇದ್ದುಕೊಂಡು ಅದೂ ಒಂದು ಕಷ್ಟದ ಕೆಲಸ. ಅವಳ ಲ್ಯಾಬಿನವರು ಕಡಲ ಕಡೆಯ ಮನೆಗಳ ಕೆಸರು ಎತ್ತಲು ಹೋಗುತ್ತಿದ್ದರು. ಅದರ ಫೋಟೋಗಳು ಬರುತ್ತಿದ್ದವು. ಬೂಟು, ಸನಿಕೆ, ಗೋಣಿಚೀಲ. ತಾನು ಇಲ್ಲಿ ಹಲಸಿನಕಾಯಿ ಹಪ್ಪಳ ತಿನ್ನುತ್ತಾ ಕೂತಿದ್ದೇನೆ ಅಂತ ಅವಳಿಗೆ ಮುಳ್ಳು. ತಿಂಗಳ ಕೊನೆಗೆ ಟೋಕಿಯೋ, ಸೆಂಡೈ ರೈಲು ಓಡಲು ಶುರುವಾಯಿತು. ಆಮೇಲೆ ಹೊರಟೇ ಬಿಟ್ಟಳು. ಅಲ್ಲಿ ಮನೆಯ ನೆಲದ ಹಲಗೆ ಕಿತ್ತು ಅಡಿಯ ಕೆಸರು ಬಾಚಿದಳು. ಕೆಸರಿನಲ್ಲಿ ಸಿಕ್ಕ ಮದುವೆ ಫೋಟೋ, ಮಕ್ಕಳ ಫೋಟೋಗಳನ್ನು ನೀರಲ್ಲಿ ತೊಳೆದು ದಾರಕ್ಕೆ ಒಣಹಾಕಿದಳು. ಯಜಮಾನರು ಬಂದು ಹುಡುಕಿಕೊಳ್ಳಲಿ ಅಂತ.

ಹೊರಡುವ ಮೊದಲು ಒಂದು ಕಟ್ಟಳೆ ಮಾಡಿ ಹೋದಳು. ಏನಾದರೂ ಆದರೆ ಯಾರೂ ಅವಳಿಗೆ ಫೋನ್ ಮಾಡಬಾರದು. ಅವಳು ಬೆಂಗಳೂರಿಗೆ ಒಂದು ಸಾಲಿನ ಮೆಸೇಜ್ ಹಾಕುತ್ತಾಳೆ, ಅಲ್ಲಿಂದ ಎಲ್ಲರಿಗೂ. ನಮಗೆ ಇದು 2019ರ ಆಗಸ್ಟಿನಲ್ಲಿ ಉಪಯೋಗಕ್ಕೆ ಬಂತು. ತುಂಗೆ ಶಿವಮೊಗ್ಗದ ಬೀದಿಗೆ ನುಗ್ಗಿದ ಆ ಮಳೆಯಲ್ಲಿ ನಮ್ಮೂರಿಗೆ ಕರೆಂಟೂ ಇಲ್ಲ, ಟವರೂ ಇಲ್ಲ. ಸಾಗರಕ್ಕೆ ಹೋಗಿ ಬರುವವರ ಕೈಯಲ್ಲಿ ಬೆಂಗಳೂರಿಗೆ ಒಂದು ಮೆಸೇಜ್ ಹಾಕಿಸಿದೆವು. ಅಲ್ಲಿಂದ ಸೆಂಡೈಗೆ ಹೋಯಿತು. 2022ರ ಮಾರ್ಚ್ 16ರ ರಾತ್ರಿ ಫುಕುಶಿಮಾ ಕಡಲಲ್ಲಿ 7.4ರ ಕಂಪನ ಆಗಿ ಶಿಂಕನ್ಸೆನ್ ಹಳಿ ತಪ್ಪಿದಾಗ, ನಾವು ಊಟಕ್ಕೆ ಕೂತಿದ್ದೆವು. ಟಿವಿಗಿಂತ ಮೊದಲು ಅವಳ "ಹುಷಾರು" ಬಂದಿತ್ತು.

ನಾನು ಅಲ್ಲಿಗೆ ಹೋದದ್ದು 2018ರ ಅಕ್ಟೋಬರ್‌ನಲ್ಲಿ. ಭತ್ತದ ಕೊಯ್ಲು ಮುಗಿಯುತ್ತಾ ಬಂದಿತ್ತು. ತಂಗಿ ಕೋಟೆ, ಉದ್ಯಾನ ಅಂತೆಲ್ಲ ಪಟ್ಟಿ ಮಾಡಿದ್ದಳು. ಟಿವಿಯಲ್ಲಿ ಕಪ್ಪು ನೀರು ಹರಿದ ಆ ಗದ್ದೆ ಬಯಲು ತೋರಿಸು ಅಂದೆ. ಹೋಗುವಾಗ ಎತ್ತರದ ದಿಬ್ಬದ ಮೇಲೆ ಒಂದು ಹೆದ್ದಾರಿ ಸಿಕ್ಕಿತು. ಅವತ್ತು ನೀರನ್ನು ತಡೆದದ್ದು ಆ ದಿಬ್ಬ. ಮೇಲೆ ಹತ್ತಿ ನಿಂತ ಇನ್ನೂರಕ್ಕೂ ಹೆಚ್ಚು ಜನ ಉಳಿದರು. ಅದರ ಪಶ್ಚಿಮಕ್ಕೆ ಒಂದು ಸಣ್ಣ ಗುಡಿ ಇದೆ. 1611ರ ಸುನಾಮಿಯ ನೆನಪಿನದ್ದು. ಈ ಸಲದ ನೀರು ಗುಡಿಯವರೆಗೆ ಬರಲಿಲ್ಲ.

ಹೆದ್ದಾರಿಯಿಂದ ಕಡಲವರೆಗೆ ಬರೀ ಗದ್ದೆ. ನಾನು ಇಳಿದು ಮಣ್ಣು ಕೈಗೆ ತೆಗೆದುಕೊಂಡೆ. ಕಡಲ ನೀರು ನಿಂತ ಗದ್ದೆಯ ತೊಂದರೆ ನನಗೆ ಸ್ವಲ್ಪ ಗೊತ್ತು. ಕುಮಟಾದ ನೆಂಟರದ್ದು ಅಘನಾಶಿನಿ ಬದಿಯ ಗಜನಿ ಗದ್ದೆ. ಅಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಜಪಾನಿನಲ್ಲಿ ನೀರು ನುಗ್ಗಿದ್ದು 50 ಸಾವಿರ ಎಕರೆಗೂ ಜಾಸ್ತಿ ಜಮೀನಿಗೆ. ಮೊದಲು ಮುರಿದ ಮರ, ಗಾಜು, ಕಾರು ಎಲ್ಲ ಹೆಕ್ಕಬೇಕು. ಆಮೇಲೆ ಸುಣ್ಣದಂಥ ಕ್ಯಾಲ್ಸಿಯಂ ಹಾಕಬೇಕು. ಜೇಡಿಗೆ ಅಂಟಿದ ಸೋಡಿಯಂ ಆಗ ಬಿಡುತ್ತದೆ. ಸಿಹಿನೀರು ನಿಲ್ಲಿಸಿ, ಕಲಕಿ, ಹೊರಗೆ ಬಿಡಬೇಕು. ಮತ್ತೆ ನಿಲ್ಲಿಸಬೇಕು, ಮತ್ತೆ ಬಿಡಬೇಕು. ಹೇಳಲು ಸುಲಭ. ನೆಲವೇ ತಗ್ಗಿದೆ, ನೀರು ಹೊರಹಾಕುವ ಪಂಪ್‌ಹೌಸುಗಳೇ ಕೊಚ್ಚಿಹೋಗಿವೆ, ಬಿಟ್ಟ ನೀರು ಎಲ್ಲಿಗೆ ಹೋಗಬೇಕು? ಮೊದಲು ಪಂಪು, ಆಮೇಲೆ ಮಣ್ಣು. ಆ ನಡುವೆ ಕೆಲವು ಗದ್ದೆಗಳಲ್ಲಿ ಹತ್ತಿ ಹಾಕಿದರಂತೆ, ಹತ್ತಿ ಉಪ್ಪಿಗೆ ಜಗ್ಗುವುದಿಲ್ಲ ಅಂತ. ಗದ್ದೆ ಮರಳಿ ಬರುವಾಗ ಹಳೆಯ ತುಂಡು ಪಟ್ಟಿಗಳು ಹೋಗಿ ದೊಡ್ಡ ದೊಡ್ಡ ಗದ್ದೆಗಳಾದವು. ಯಂತ್ರಕ್ಕೆ ಒಳ್ಳೆಯದು. ನನಗೆ ಮಾತ್ರ ಬದುವೇ ಇಲ್ಲದ ಆ ಬಯಲು ಅಷ್ಟಾಗಿ ಹಿಡಿಸಲಿಲ್ಲ.

ಕಡಲ ಹತ್ತಿರದ ಅರಹಾಮಾದಲ್ಲಿ ಸುಮಾರು 800 ಮನೆಗಳಿದ್ದವು. ನಾನು ಹೋದಾಗ ನಿಂತಿದ್ದದ್ದು ಶಾಲೆಯೊಂದೇ. ನಾಲ್ಕು ಅಂತಸ್ತಿನ ಕಟ್ಟಡ, ನೀರು ಎರಡನೇ ಅಂತಸ್ತಿಗೆ ಬಂದಿತ್ತು. ಮಕ್ಕಳು, ಮೇಷ್ಟ್ರುಗಳು, ಊರವರು ಸೇರಿ 320 ಜನ ತಾರಸಿಗೆ ಹತ್ತಿ ಉಳಿದರು. 2017ರಿಂದ ಅದನ್ನು ಹಾಗೇ ನೋಡಲು ಇಟ್ಟಿದ್ದಾರೆ. ಬಾಗಿದ ಕಬ್ಬಿಣದ ಕಟಾಂಜನ, 3 ಗಂಟೆ 55 ನಿಮಿಷಕ್ಕೆ ನಿಂತ ಗಡಿಯಾರ. ಹೊರಗೆ ರಸ್ತೆಯನ್ನು 6 ಮೀಟರ್ ಎತ್ತರಿಸುವ ಕೆಲಸ ನಡೀತಾ ಇತ್ತು, ಅದೇ ಎರಡನೇ ತಡೆಗೋಡೆ. ಇಲ್ಲಿ ಇನ್ನು ಯಾರೂ ಮನೆ ಕಟ್ಟುವ ಹಾಗಿಲ್ಲ.

ಊರಿಗೆ ಬಂದ ಮೇಲೆ ಎಲ್ಲರೂ ಬುಲೆಟ್ ರೈಲಿನ ಬಗ್ಗೆ ಕೇಳಿದರು. ದೊಡ್ಡಮ್ಮ ಮಾತ್ರ ಶಾಲೆಯ ಫೋಟೋವನ್ನು ಹಿಡಿದುಕೊಂಡು ಒಂದೊಂದೇ ಪ್ರಶ್ನೆ ಹಾಕಿದರು. ಆ 800 ಮನೆಯವರು ಎಲ್ಲಿಗೆ ಹೋದರು? ಒಳನಾಡಿಗೆ, ಹೆದ್ದಾರಿಯ ಆಚೆಗೆ, ಸರ್ಕಾರ ನಿವೇಶನ ಮಾಡಿಕೊಟ್ಟಿದೆ ಅಂದೆ. ಅಕ್ಕಪಕ್ಕದ ಮನೆಯವರಿಗೆ ಅಕ್ಕಪಕ್ಕವೇ ಸಿಕ್ಕಿತಾ? ಒಂದು ಊರಿನವರು ಒಟ್ಟಿಗೆ ಹೋಗುವ ಯೋಜನೆ ಅದು, ಆದರೂ ಎಷ್ಟೋ ಜನ ಚದುರಿದ್ದಾರೆ ಅಂದೆ. ಬಿಟ್ಟುಬಂದ ಜಾಗ ಏನಾಯಿತು? ನಗರಪಾಲಿಕೆ ದುಡ್ಡು ಕೊಟ್ಟು ಕೊಂಡುಕೊಂಡಿತು. ಹೊಸ ಜಾಗದ ಕಾಗದ ಪತ್ರ? ಅದೂ ಆಗಿದೆ.

"ಎಷ್ಟು ವರ್ಷಕ್ಕೆ?"

ನಾನು ಹೋಗುವಷ್ಟರಲ್ಲಿ ಬಹಳ ಜನ ಹೊಸ ಮನೆಯಲ್ಲಿದ್ದರು, ಏಳು ವರ್ಷದೊಳಗೆ ಅಂದೆ.

ದೊಡ್ಡಮ್ಮ ಫೋಟೋವನ್ನು ವಾಪಸ್ ಕೊಟ್ಟರು. "ನಮ್ಮ ಹಕ್ಕುಪತ್ರದ ಫೈಲು 1964ರಿಂದ ಓಡಾಡ್ತಾ ಇದೆ ಅಂತ ಅವರಿಗೆ ಹೇಳಲಿಲ್ವಾ ನೀನು?" ಅಂದರು.